ನಾನು ಹೊಡೆದು ಹಾಕಿದ ಸರಿ ಉತ್ತರ

ನಮ್ಮ ಗ್ರಂಥಾಲಯದ ಬಾಗಿಲ ಪಕ್ಕದ ಫಲಕದಲ್ಲಿ ಪ್ರತಿ ಸೋಮವಾರ 'ವಾರದ ಸುಳಿವು' ಎಂಬ ಚೀಟಿ ಅಂಟಿಸುತ್ತಾರೆ ಎಂಬುದು ನಿಮಗೆಲ್ಲ ಗೊತ್ತು. ಇಂಗ್ಲಿಷ್ ಪದಬಂಧದ ಒಂದೇ ಒಂದು ಸುಳಿವು. ಶುಕ್ರವಾರ ಸಂಜೆಯೊಳಗೆ ಉತ್ತರ ಬರೆದು ಡಬ್ಬಕ್ಕೆ ಹಾಕಬೇಕು. ಶನಿವಾರ ಸರಿ ಉತ್ತರ ಪ್ರಕಟ. ಬಹುಮಾನ ಒಂದು ಪೆನ್ನು. ಕಳೆದ ತಿಂಗಳು ಆ ಫಲಕದ ಮುಂದೆ ನಡೆದ ಗಲಾಟೆಯೂ ನಿಮಗೆ ಗೊತ್ತು. ಆ ವಾರ ಡಬ್ಬದಲ್ಲಿ ಒಂದೂ ಸರಿ ಉತ್ತರ ಇರಲಿಲ್ಲ. ಮರುದಿನವೇ ನಾವು ಇಪ್ಪತ್ಮೂರು ಜನ ಸೇರಿ, 'ಇಂಥ ಸುಳಿವು ನಮಗೆ ಅನ್ಯಾಯ, ಇದನ್ನು ನಿಲ್ಲಿಸಿ' ಎಂದು ಅರ್ಜಿ ಬರೆದೆವು. ಆ ಅರ್ಜಿಯಲ್ಲಿ ಹನ್ನೊಂದನೆಯ ಸಹಿ ನನ್ನದು.

ಆ ಸಹಿಯನ್ನು ಅರ್ಧ ವಾಪಸ್ ತೆಗೆದುಕೊಳ್ಳಲು ಈ ಲೇಖನ ಬರೆಯುತ್ತಿದ್ದೇನೆ. ಉಳಿದರ್ಧ ಯಾಕೆ ಇರಲಿ ಎನ್ನುವುದನ್ನೂ ಕೊನೆಯಲ್ಲಿ ಹೇಳುತ್ತೇನೆ.

ಸುಳಿವು ಹೀಗಿತ್ತು: 'ಕಿಂಗ್ ಬಿಯಾಂಡ್ ವಾರ್ಡ್‌ರೋಬ್ ಹಿಡನ್ ಇನ್ ಕ್ರಿಸ್‌ಮಸ್ ಲ್ಯಾಂಟರ್ನ್, 5 ಅಕ್ಷರ.' ಕನ್ನಡದಲ್ಲಿ ಹೇಳುವುದಾದರೆ, ಕಪಾಟಿನಾಚೆಯ ರಾಜ ಕ್ರಿಸ್‌ಮಸ್ ಲಾಂದ್ರದೊಳಗೆ ಅಡಗಿದ್ದಾನೆ.

ನಮ್ಮ ತರಗತಿಯಲ್ಲಿ ಮೊದಲು ಬಂದ ಊಹೆ 'ಹೆರೋಡ್'. ಐದು ಅಕ್ಷರ ಸರಿಯಾಗುತ್ತದೆ, ರಾಜನೂ ಹೌದು, ಕ್ರಿಸ್‌ಮಸ್ ಕಥೆಯಲ್ಲೂ ಬರುತ್ತಾನೆ. ಕಪಾಟು ಯಾಕೆ ಎಂದರೆ ಯಾರಿಗೂ ಗೊತ್ತಿಲ್ಲ. ಇನ್ನೊಬ್ಬಳು 'ಸಾಂತಾ' ಎಂದಳು. ಅವನು ರಾಜನಲ್ಲ. ಹೀಗೆ ಬುಧವಾರ ಕಳೆಯಿತು.

ಗುರುವಾರ ಬಸ್ಸಿನಲ್ಲಿ ಕೂತು ನಾನು ಆ ಎರಡು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬಿಡಿಬಿಡಿಯಾಗಿ ಬರೆದೆ. ಕ್ರಿಸ್‌ಮಸ್ ಪದದ ಕೊನೆಯ ಎರಡು ಅಕ್ಷರ ಎ, ಎಸ್. ಲ್ಯಾಂಟರ್ನ್ ಪದದ ಮೊದಲ ಮೂರು ಅಕ್ಷರ ಎಲ್, ಎ, ಎನ್. ನಡುವಿನ ಜಾಗವನ್ನು ಮರೆತು ಒಟ್ಟಿಗೆ ಓದಿದರೆ 'ಅಸ್ಲಾನ್'. ಐದು ಅಕ್ಷರ. ಅಡಗಿದ್ದಾನೆ ಎಂದು ಹೇಳಿದ ಜಾಗದಲ್ಲೇ ಅಡಗಿದ್ದ!

ನಾನು ಏನು ಮಾಡಿದೆ ಗೊತ್ತೇ? ನಕ್ಕೆ. ಆಮೇಲೆ ಅದರ ಮೇಲೆ ಉದ್ದಕ್ಕೊಂದು ಗೆರೆ ಎಳೆದೆ.

ಯಾಕೆಂದರೆ ನಮ್ಮ ಮನೆಯಲ್ಲಿ ಒಬ್ಬ ಅಸ್ಲಾನ್ ಇದ್ದಾನೆ. ನನ್ನ ಖಾಲಾನ ಮಗ, ಮೂರು ವರ್ಷ. ಅವನ ಹೆಸರು ಅರ್ಸಲಾನ್. ಅವನಿಗೆ ಇನ್ನೂ ರಕಾರ ಬರುವುದಿಲ್ಲ. ಹೆಸರೇನು ಎಂದು ಕೇಳಿದರೆ ಎದೆ ಉಬ್ಬಿಸಿ 'ಅಸ್ಲಾನ್' ಎನ್ನುತ್ತಾನೆ. ಇಂಗ್ಲಿಷ್ ಪದಬಂಧದ ಉತ್ತರ ನಮ್ಮ ಮನೆಯ ಮಗುವಿನ ತೊದಲು ನುಡಿ ಆಗಲು ಹೇಗೆ ಸಾಧ್ಯ? ಇದು ಕಾಕತಾಳೀಯ, ಬೇರೆ ಏನೋ ಇರಬೇಕು ಎಂದುಕೊಂಡೆ. ಶುಕ್ರವಾರ ಡಬ್ಬಕ್ಕೆ 'ಹೆರೋಡ್' ಎಂದೇ ಬರೆದು ಹಾಕಿದೆ.

ಶನಿವಾರ ಫಲಕದಲ್ಲಿ ಉತ್ತರ ಬಂತು. ಅಸ್ಲಾನ್. ಕೆಳಗೆ ಸಣ್ಣ ಅಕ್ಷರಗಳಲ್ಲಿ, ನಾರ್ನಿಯಾ ಕಥೆಗಳಲ್ಲಿ ಬರುವ ಸಿಂಹರಾಜ ಎಂಬ ವಿವರ. ಎಲ್ಲರಿಗೂ ಸಿಟ್ಟು ಬಂತು. ನಾರ್ನಿಯಾ ಓದಿದವರು ನಮ್ಮಲ್ಲಿ ಯಾರಿದ್ದಾರೆ? ನಮ್ಮಲ್ಲಿ ಅರ್ಧದಷ್ಟು ಜನ ಉರ್ದು ಮಾಧ್ಯಮದಿಂದ ಬಂದವರು, ಉಳಿದವರು ಕನ್ನಡ ಮಾಧ್ಯಮದವರು. ದೊಡ್ಡ ಊರಿನ ಕಾನ್ವೆಂಟುಗಳಲ್ಲಿ ಓದಿದವರಿಗೆ ಮಾತ್ರ ಗೊತ್ತಿರುವುದನ್ನು ಇಲ್ಲಿ ಕೇಳಿದರೆ ಹೇಗೆ? ಅರ್ಜಿ ಸಿದ್ಧವಾಯಿತು. ಎಲ್ಲರಿಗಿಂತ ಹೆಚ್ಚು ಸಿಟ್ಟು ನನಗೇ ಇತ್ತು. ಸಹಿ ಹಾಕುವಾಗ ನನ್ನ ಬ್ಯಾಗಿನಲ್ಲಿ ರಫ್ ಪುಸ್ತಕ ಇತ್ತು. ಅದರಲ್ಲಿ ಗೆರೆ ಎಳೆದ ಸರಿ ಉತ್ತರ ಇತ್ತು. ಅದನ್ನು ನಾನು ಯಾರಿಗೂ ತೋರಿಸಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ನಾನಿಯನ್ನು ಕೇಳಿದೆ, 'ಅರ್ಸಲಾನ್ ಅಂದರೆ ಅರ್ಥ ಏನು?' ನಾನಿ ರೊಟ್ಟಿಯಿಂದ ತಲೆ ಎತ್ತದೆ, 'ಶೇರ್' ಎಂದರು. ಸಿಂಹ. 'ಟರ್ಕಿಯವರ ಹೆಸರು. ಅಷ್ಟೂ ಗೊತ್ತಿಲ್ಲವೇ ನಿನಗೆ? ನೀವೆಲ್ಲ ಕೂತು ಆ ಸೀರಿಯಲ್ ನೋಡುತ್ತೀರಲ್ಲ' ಎಂದರು. ನಿಜ. 1071ರಲ್ಲಿ ಮಂಜಿಕೆರ್ಟ್ ಯುದ್ಧ ಗೆದ್ದ ಸುಲ್ತಾನನ ಹೆಸರು ಆಲ್ಪ್ ಅರ್ಸಲಾನ್. ಹೆಸರಿನಲ್ಲೇ ಸಿಂಹ ಇದೆ. ನನಗೆ ಅನ್ನ ಇಳಿಯಲಿಲ್ಲ.

ಸೋಮವಾರ ಇಂಗ್ಲಿಷ್ ಸರ್ ಹತ್ತಿರ ಹೋಗಿ ರಫ್ ಪುಸ್ತಕ ತೋರಿಸಿದೆ. ಅವರು ಬೈಯಲಿಲ್ಲ. ಸಿಂಹಕ್ಕೆ ಆ ಹೆಸರು ಎಲ್ಲಿಂದ ಬಂತು ಎಂದು ಹೇಳಿದರು. ಸಿ.ಎಸ್. ಲೂಯಿಸ್ ಎಂಬ ಲೇಖಕರು 1950ರಿಂದ 1956ರವರೆಗೆ ಏಳು ನಾರ್ನಿಯಾ ಪುಸ್ತಕಗಳನ್ನು ಪ್ರಕಟಿಸಿದರು. ಅದಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಹಿಂದೆ ಎಡ್ವರ್ಡ್ ಲೇನ್ ಎಂಬ ಇಂಗ್ಲಿಷ್ ವಿದ್ವಾಂಸರು ಕೈರೋದಲ್ಲಿ ವಾಸವಿದ್ದು ಅರಬ್ಬಿ ಕಲಿತು, 'ಅಲ್ಫ್ ಲೈಲಾ'ವನ್ನು, ಅಂದರೆ ಸಾವಿರದೊಂದು ರಾತ್ರಿಗಳ ಕಥೆಗಳನ್ನು ಇಂಗ್ಲಿಷಿಗೆ ತಂದಿದ್ದರು. ಆ ಅನುವಾದದ ತುಂಬ ಉದ್ದುದ್ದ ಟಿಪ್ಪಣಿಗಳಿವೆ. ಲೂಯಿಸ್ ತಮ್ಮ ಸಿಂಹಕ್ಕೆ ಹೆಸರು ಹೆಕ್ಕಿದ್ದು ಆ ಟಿಪ್ಪಣಿಗಳಿಂದ. ಹಾಗೆಂದು ಅವರೇ ಒಂದು ಪತ್ರದಲ್ಲಿ ಬರೆದಿದ್ದಾರೆ. ಅಂದರೆ ಆ ಹೆಸರು ನಮ್ಮ ನಾನಿ ಹೇಳಿದ ದಾರಿಯಲ್ಲೇ ಇಂಗ್ಲೆಂಡಿಗೆ ಹೋಗಿ, ಕೋಟು ಹಾಕಿಕೊಂಡು ವಾಪಸ್ ಬಂದಿತ್ತು. ಕೋಟು ನೋಡಿ ನಾವು ಹೆದರಿದೆವು.

ಇಲ್ಲಿ ನನ್ನ ವಾಣಿಜ್ಯದ ಪಾಠವನ್ನು ಸ್ವಲ್ಪ ತರುತ್ತೇನೆ, ವಿಜ್ಞಾನ ವಿಭಾಗದವರು ಕ್ಷಮಿಸಬೇಕು. ಇಂಥ ಗೂಢ ಪದಬಂಧದ ಸುಳಿವು ನಮ್ಮ ಜೋಡಿ ನಮೂದು ಪದ್ಧತಿಯ ಹಾಗೆ. ಪ್ರತಿ ಸುಳಿವಿಗೆ ಎರಡು ಕಡೆ. ಒಂದು ಕಡೆ ಅರ್ಥ, ಇನ್ನೊಂದು ಕಡೆ ಅಕ್ಷರದಾಟ. ಎರಡೂ ಒಂದೇ ಉತ್ತರ ಕೊಡಬೇಕು. ಖರ್ಚು ಮತ್ತು ಜಮೆ ತಾಳೆಯಾದ ಹಾಗೆ. ನಮ್ಮ ಸುಳಿವಿನಲ್ಲಿ 'ಕಪಾಟಿನಾಚೆಯ ರಾಜ' ಅರ್ಥದ ಕಡೆ. 'ಕ್ರಿಸ್‌ಮಸ್ ಲಾಂದ್ರದಲ್ಲಿ ಅಡಗಿದ' ಅಕ್ಷರದ ಕಡೆ. ಪುಸ್ತಕ ಓದಿದವನಿಗೆ ಮೊದಲ ಬಾಗಿಲು ತೆರೆದಿದೆ. ಓದದವನಿಗೆ ಎರಡನೆಯದು. ಎರಡನೆಯ ಬಾಗಿಲಿಗೆ ಕಾನ್ವೆಂಟು ಬೇಡ, ಪೆನ್ಸಿಲ್ ಸಾಕು. ಆದ್ದರಿಂದ ಸುಳಿವು ಅನ್ಯಾಯದ್ದು ಎಂದ ನಮ್ಮ ಅರ್ಜಿಯ ಮೊದಲ ಮಾತು ತಪ್ಪು. ನಾನೇ ಅದಕ್ಕೆ ಸಾಕ್ಷಿ. ನಾರ್ನಿಯಾದ ಒಂದು ಪುಟವನ್ನೂ ಓದದೆ ನಾನು ಉತ್ತರದವರೆಗೆ ಹೋಗಿದ್ದೆ.

ತಪ್ಪಿದ್ದು ಎಲ್ಲಿ ಎಂದರೆ, ಒಂದು ಕಡೆ ಮಾತ್ರ ಸಿಕ್ಕಾಗ ಏನು ಮಾಡಬೇಕು ಎಂಬಲ್ಲಿ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ನಾವು ಪುಸ್ತಕ ಹರಿದು ಹಾಕುತ್ತೇವೆಯೇ? ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ತಪ್ಪು ಹುಡುಕುತ್ತೇವೆ. 'ಅಸ್ಲಾನ್' ಅನ್ನೂ ನಾನು ಸಸ್ಪೆನ್ಸ್ ಖಾತೆಗೆ ಹಾಕಬೇಕಿತ್ತು. ಹೊಡೆದು ಹಾಕಿದೆ. 'ಹೆರೋಡ್' ಮಾತ್ರ ಯಾವ ಕಡೆಯೂ ತಾಳೆಯಾಗದಿದ್ದರೂ ನಂಬಿದೆ. ಕಾರಣ ಒಂದೇ. ಅದು ಹೊರಗಿನದರ ಹಾಗೆ ಕಾಣುತ್ತಿತ್ತು. ಅಸ್ಲಾನ್ ಮನೆಯದರ ಹಾಗೆ ಕಾಣುತ್ತಿತ್ತು.

ಇದು ನನ್ನೊಬ್ಬಳ ಅಭ್ಯಾಸ ಅಲ್ಲ ಎಂದು ನನಗೆ ಗೊತ್ತು. ಉರ್ದು ಮಾತಾಡುವ ಮನೆಗಳಿಂದ ಬಂದ ನಾವು ಬರೆಯುವಾಗ ಎಷ್ಟು ಗೆರೆ ಎಳೆಯುತ್ತೇವೆ! ಹೈಸ್ಕೂಲಿನಲ್ಲಿ ಕನ್ನಡ ಪ್ರಬಂಧ ಬರೆಯುವಾಗ 'ದವಾಖಾನೆ' ಎಂದು ಬರೆದು, ಅಯ್ಯೋ ಇದು ಉರ್ದು ಎಂದು ಹೊಡೆದು 'ಆಸ್ಪತ್ರೆ' ಎಂದು ಬರೆದಿದ್ದೆ. ಆಮೇಲೆ ಹುಬ್ಬಳ್ಳಿ ಕಡೆ ಮದುವೆಗೆ ಹೋದಾಗ ನೋಡಿದರೆ ಅಲ್ಲಿ ಎಲ್ಲರ ಬಾಯಲ್ಲೂ ದವಾಖಾನೆ. ನಮ್ಮ ವ್ಯವಹಾರದ ಕನ್ನಡವನ್ನೇ ತೆಗೆದುಕೊಳ್ಳಿ. ಖರ್ಚು, ಜಮೆ, ಬಾಕಿ, ರಸೀದಿ, ವಸೂಲಿ, ದಲ್ಲಾಳಿ. ಇವೆಲ್ಲ ಪಾರಸಿ ಮತ್ತು ಅರಬ್ಬಿ ಕಡೆಯಿಂದ ಬಂದು ಕನ್ನಡದ ಅಂಗಡಿಯಲ್ಲಿ ಕೂತು ಎಷ್ಟೋ ಕಾಲವಾಯಿತು. ನಮ್ಮ ಭಾಷೆಯ ಹೆಸರಾದ 'ಉರ್ದು' ಪದವೇ ಸೈನ್ಯದ ಬಿಡಾರ ಎಂಬ ಅರ್ಥದ ತುರ್ಕಿ ಪದದಿಂದ ಬಂದದ್ದು. ಪದಗಳು ಗಡಿ ನೋಡಿ ನಡೆಯುವುದಿಲ್ಲ. ನಾವು ಮಾತ್ರ ಪ್ರತಿ ಪದದ ವಾಸಸ್ಥಳ ಪ್ರಮಾಣಪತ್ರ ಕೇಳುತ್ತೇವೆ.

ಸರ್ ಇನ್ನೂ ಎರಡು ಸಂಗತಿ ಹೇಳಿದರು. ಇವು ನನಗೆ ಬಹಳ ಇಷ್ಟವಾದವು. ಜಗತ್ತಿನ ಮೊದಲ ಪದಬಂಧ ಎನ್ನುವುದು 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಬಂತು. ಅದನ್ನು ರಚಿಸಿದವರು ಆರ್ಥರ್ ವಿನ್. ಅದರಲ್ಲಿ ಗೂಢ ಏನೂ ಇರಲಿಲ್ಲ, ನೇರ ಅರ್ಥ ಕೇಳುತ್ತಿದ್ದರು. ಅದನ್ನು ಪೂರ್ತಿ ಗೂಢ ಮಾಡಿದವರಲ್ಲಿ ಮೊದಲಿಗರು ಇಂಗ್ಲೆಂಡಿನ ಎಡ್ವರ್ಡ್ ಪೊವಿಸ್ ಮ್ಯಾದರ್ಸ್. 1926ರಿಂದ ಅಬ್ಸರ್ವರ್ ಪತ್ರಿಕೆಯಲ್ಲಿ 'ಟಾರ್ಕೆಮಾಡ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಅದಕ್ಕೆ ಮೊದಲು ಅವರು ಮಾಡಿದ್ದ ದೊಡ್ಡ ಕೆಲಸ ಯಾವುದು ಗೊತ್ತೇ? ಸಾವಿರದೊಂದು ರಾತ್ರಿಗಳನ್ನು ಫ್ರೆಂಚಿನಿಂದ ಇಂಗ್ಲಿಷಿಗೆ ಅನುವಾದಿಸಿದ್ದು! ಅದೇ ಕಾಲದ ಇನ್ನೊಬ್ಬ ಪ್ರಸಿದ್ಧ ರಚನಕಾರರ ಹೆಸರು ಎ.ಎಫ್. ರಿಚಿ. ಅವರು ತಮ್ಮ ಹೆಸರಿನ ಮೊದಲ ಅಕ್ಷರಗಳಲ್ಲೇ ಅಡಗಿದ್ದ 'ಅಫ್ರಿತ್' ಎಂಬ ಕಾವ್ಯನಾಮ ಇಟ್ಟುಕೊಂಡರು. ನಾನಿಯ ಕಥೆಗಳಲ್ಲಿ ಬರುವ ಇಫ್ರೀತ್, ಅಂದರೆ ದೈತ್ಯ ಜಿನ್ನ, ಅವನೇ. ಈ ಆಟ ನಮಗೆ ಪರಕೀಯ ಎಂದು ಅರ್ಜಿ ಬರೆದವರು ನಾವು. ಆಟ ಕಟ್ಟಿದವರೇ ನಮ್ಮ ಕಥೆಗಳ ಕಪಾಟಿಗೆ ಕೈ ಹಾಕಿದ್ದರು.

ನಮ್ಮ ಕಪಾಟಿನಲ್ಲಿ ಇಂಥದ್ದು ಕಡಿಮೆ ಇಲ್ಲ. ನಾನಿ ಹೇಳುವ ಅಮೀರ್ ಹಂಜಾ ದಾಸ್ತಾನಿನಲ್ಲಿ ಅಮ್ರ್ ಅಯ್ಯಾರ್ ಎಂಬ ಚತುರ ಇದ್ದಾನೆ. ಅವನ ಹೆಗಲಲ್ಲಿ 'ಜಂಬೀಲ್' ಎಂಬ ಚೀಲ. ಅದರಲ್ಲಿ ಏನು ಹಾಕಿದರೂ ಹಿಡಿಸುತ್ತದೆ, ಊರೂರೇ ಹಿಡಿಸುತ್ತದೆ. ಕಪಾಟಿನೊಳಗೆ ಒಂದು ಲೋಕ ಎಂದಾಗ ನಾವು ಬೆಚ್ಚಬೇಕಾಗಿರಲಿಲ್ಲ. ಚೀಲದೊಳಗೆ ಲೋಕ ಇಟ್ಟುಕೊಂಡವರು ನಾವು. ಆ ದಾಸ್ತಾನಿನ ದೊಡ್ಡ ಭಾಗವಾದ 'ತಿಲಿಸ್ಮ್-ಎ-ಹೋಶ್‌ರುಬಾ' ಲಕ್ನೋದ ನವಲ್ ಕಿಶೋರ್ ಮುದ್ರಣಾಲಯದಿಂದ 1883ರಿಂದ ಸಂಪುಟ ಸಂಪುಟವಾಗಿ ಉರ್ದುವಿನಲ್ಲಿ ಅಚ್ಚಾಯಿತು. ತಿಲಿಸ್ಮ್ ಎಂದರೆ ಮಾಂತ್ರಿಕ ಕಟ್ಟಿದ ಮಾಯಾಲೋಕ. ಅದರ ಒಂದು ನಿಯಮ ನನಗೆ ಈಗ ಅರ್ಥವಾಯಿತು. ಮಾಯಾಲೋಕ ಕಟ್ಟಿದವನು ಅದನ್ನು ಬಿಡಿಸುವ ದಾರಿಯನ್ನೂ ಇಟ್ಟಿರುತ್ತಾನೆ. ಅದು 'ಲೌಹ್' ಎಂಬ ಫಲಕದ ಮೇಲೆ ಬರೆದಿರುತ್ತದೆ. ಅದು ಹೇಳಿದ ಹಾಗೆ ಅಕ್ಷರಶಃ ಮಾಡಿದವನು ಪಾರಾಗುತ್ತಾನೆ. ತಾನೇ ಜಾಣ ಎಂದು ಬೇರೆ ಮಾಡಿದವನು ಸಿಕ್ಕಿಬೀಳುತ್ತಾನೆ. ಗೂಢ ಸುಳಿವು ಅದೇ ಲೌಹ್. 'ಅಡಗಿದ್ದಾನೆ' ಎಂದು ಅದು ಹೇಳಿದಾಗ ಹುಡುಕಬೇಕು, ಊಹಿಸಬಾರದು. ಅಮೀರ್ ಖುಸ್ರೋ ಹೆಸರಿನಲ್ಲಿ ಪ್ರಚಲಿತವಾಗಿರುವ ಪಹೇಲಿಗಳಲ್ಲೂ ಒಂದು ಜಾತಿ ಇದೆ, 'ಬೂಝ್ ಪಹೇಲಿ'. ಅದರಲ್ಲಿ ಒಗಟಿನ ಮಾತಿನೊಳಗೇ ಉತ್ತರದ ಪದ ಕೂತಿರುತ್ತದೆ. ಕ್ರಿಸ್‌ಮಸ್ ಲಾಂದ್ರ ಕೂಡ ಒಂದು ಬೂಝ್ ಪಹೇಲಿಯೇ.

ಸರ್ ತಮ್ಮ ಸ್ವಂತ ಪ್ರತಿಗಳನ್ನು ಓದಲು ಕೊಟ್ಟರು. ಮೊದಲ ಪುಸ್ತಕ ಓದಿದ ಮೇಲೆ ಸುಳಿವು ಎಷ್ಟು ಚೆನ್ನಾಗಿತ್ತು ಎಂದು ತಿಳಿಯಿತು. ಲೂಸಿ ಎಂಬ ಹುಡುಗಿ ಕಪಾಟಿನೊಳಗೆ ಹೋಗಿ ಆಚೆ ಬಂದಾಗ ಹಿಮದ ಕಾಡಿನಲ್ಲಿ ಒಂದು ದೀಪದ ಕಂಬ ಉರಿಯುತ್ತಿರುತ್ತದೆ. ಮಾಟಗಾತಿಯ ಶಾಪದಿಂದ ಅಲ್ಲಿ ಯಾವಾಗಲೂ ಚಳಿಗಾಲ, ಆದರೆ ಕ್ರಿಸ್‌ಮಸ್ ಮಾತ್ರ ಬರುವುದೇ ಇಲ್ಲ. ಕ್ರಿಸ್‌ಮಸ್ ಮತ್ತು ಲಾಂದ್ರ, ಎರಡೂ ಕಥೆಯೊಳಗಿನವೇ!

ಎಲ್ಲವೂ ಸಿಹಿಯಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. 'ದಿ ಹಾರ್ಸ್ ಅಂಡ್ ಹಿಸ್ ಬಾಯ್' ಎಂಬ 1954ರ ಪುಸ್ತಕದಲ್ಲಿ ನಾರ್ನಿಯಾದ ದಕ್ಷಿಣಕ್ಕೆ ಕಲೋರ್ಮೆನ್ ಎಂಬ ದೇಶ ಬರುತ್ತದೆ. ಅಲ್ಲಿಯವರಿಗೆ ಪೇಟ, ಬಾಗಿದ ಕತ್ತಿ, ಕಪ್ಪು ಮೈಬಣ್ಣ. ಅವರಲ್ಲಿ ಹೆಚ್ಚಿನವರು ಕ್ರೂರಿಗಳು. ಓದುವಾಗ ನನಗೆ ನೋವಾಯಿತು. ಸಿಂಹದ ಹೆಸರನ್ನು ನಮ್ಮ ಕಡೆಯಿಂದ ತೆಗೆದುಕೊಂಡವರು ಪೇಟವನ್ನು ಖಳರ ತಲೆಗೆ ಕಟ್ಟಿದ್ದಾರೆ. ಇದನ್ನು ಸರ್‌ಗೆ ಹೇಳಿದೆ. 'ಸರಿಯಾಗಿ ಓದಿದ್ದೀಯ' ಎಂದರು. ಆದರೆ ಅದೇ ಪುಸ್ತಕದಲ್ಲಿ ನನಗೆ ತುಂಬ ಹಿಡಿಸಿದವಳೂ ಕಲೋರ್ಮೆನ್ ಹುಡುಗಿಯೇ. ಅರಾವಿಸ್. ಮುದುಕನೊಬ್ಬನ ಜೊತೆ ಮದುವೆ ಗೊತ್ತು ಮಾಡಿದಾಗ ಅವಳು ಕುದುರೆ ಏರಿ ಹೊರಡುತ್ತಾಳೆ. ದಾರಿಯಲ್ಲಿ ಅವಳು ತನ್ನ ಕಥೆ ಹೇಳುವ ರೀತಿ ಥೇಟ್ ನಾನಿಯದು. ಕಲೋರ್ಮೆನ್‌ನಲ್ಲಿ ಮಕ್ಕಳಿಗೆ ಪ್ರಬಂಧದ ಬದಲು ಕಥೆ ಹೇಳುವುದನ್ನು ಕಲಿಸುತ್ತಾರಂತೆ! ಓದಿದ್ದಕ್ಕೆ ನಾನು ಇದನ್ನೆಲ್ಲ ಹೇಳಬಲ್ಲೆ, ಲೇಖಕರ ಜೊತೆ ಜಗಳವನ್ನೂ ಮಾಡಬಲ್ಲೆ. ಓದದೆ ಅರ್ಜಿ ಬರೆದಿದ್ದಾಗ ನನ್ನಲ್ಲಿ ಬರೀ ಸಿಟ್ಟು ಇತ್ತು.

ಈಗ ಸಹಿಯ ಉಳಿದರ್ಧದ ಮಾತು. ನಮ್ಮ ಅರ್ಜಿಯಲ್ಲಿ ಒಂದು ವಾಕ್ಯ ನಿಜವಾಗಿತ್ತು: 'ಈ ಪುಸ್ತಕಗಳು ನಮಗೆ ಸಿಗುವುದಿಲ್ಲ.' ನಮ್ಮ ಗ್ರಂಥಾಲಯದಲ್ಲಿ ಗೈಡುಗಳು, ಹಳೆಯ ಪ್ರಶ್ನೆಪತ್ರಿಕೆಗಳು, ಪ್ರವೇಶ ಪರೀಕ್ಷೆಯ ದಪ್ಪ ಪುಸ್ತಕಗಳು ಕೈಗೆ ಸಿಗುತ್ತವೆ. ಕಥೆ ಪುಸ್ತಕಗಳು ಒಂದೇ ಕಪಾಟಿನಲ್ಲಿವೆ. ಅದಕ್ಕೆ ಬೀಗ ಇದೆ. ಪುಸ್ತಕ ಕಳೆಯಬಾರದು ಎಂಬ ಕಾಳಜಿ ಅರ್ಥವಾಗುತ್ತದೆ. ಆದರೆ ಕಪಾಟಿನಾಚೆಯ ರಾಜ ಯಾರು ಎಂದು ಫಲಕದಲ್ಲಿ ಕೇಳಿ, ಕಪಾಟಿಗೆ ಬೀಗ ಹಾಕಿದರೆ ಹೇಗೆ? ಮನೆಯಲ್ಲಿ ಇಂಥ ಪುಸ್ತಕ ಕೊಳ್ಳುವ ಶಕ್ತಿ ನಮ್ಮಲ್ಲಿ ಬಹಳ ಜನಕ್ಕೆ ಇಲ್ಲ. ಹಾಗಾಗಿ ಅಕ್ಷರದ ಬಾಗಿಲು ಎಲ್ಲರಿಗೂ ತೆರೆದಿದ್ದರೂ, ಅರ್ಥದ ಬಾಗಿಲು ಕೆಲವರಿಗೆ ಮಾತ್ರ ತೆರೆದಿದೆ. ಉತ್ತರ ಸಿಕ್ಕರೂ ಅದನ್ನು ನಂಬಲು ಧೈರ್ಯ ಬರುವುದು ಎರಡೂ ತೆರೆದಾಗ.

ಆದ್ದರಿಂದ ನಾನು ಕೇಳುವುದು ಮೂರು. ಒಂದು, 'ವಾರದ ಸುಳಿವು' ನಿಲ್ಲಬಾರದು. ಎರಡು, ವಾರಕ್ಕೆ ಒಂದು ದಿನ ಊಟದ ವಿರಾಮದಲ್ಲಿ ಕಥೆಗಳ ಕಪಾಟು ತೆರೆಯಲಿ. ರಿಜಿಸ್ಟರ್ ಬರೆಯುವ ಕೆಲಸ ನಮ್ಮ ವಾಣಿಜ್ಯ ತರಗತಿಯದು, ಒಂದು ಪುಸ್ತಕವೂ ಲೆಕ್ಕ ತಪ್ಪದ ಹಾಗೆ ನೋಡಿಕೊಳ್ಳುತ್ತೇವೆ. ಮೂರು, ಸುಳಿವು ತಿಂಗಳಿಗೊಮ್ಮೆ ಕನ್ನಡದಲ್ಲಿ, ಇನ್ನೊಮ್ಮೆ ಉರ್ದುವಿನಲ್ಲಿ ಬರಲಿ. ಅವುಗಳನ್ನು ನಾವೇ ರಚಿಸೋಣ.

ಕನ್ನಡದಲ್ಲಿ ಇದು ಆಗುವುದಿಲ್ಲ ಎನ್ನುವವರು ಇದ್ದಾರೆ. ಕನ್ನಡದ ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರ, ಕಾಗುಣಿತ ಒತ್ತು ಎಲ್ಲ ಸೇರಿ. 'ಅಸ್ಲಾನ್' ಇಂಗ್ಲಿಷಿನಲ್ಲಿ ಐದು ಮನೆ ತುಂಬಿದರೆ ಕನ್ನಡದಲ್ಲಿ ಮೂರೇ ಮನೆ: ಅ, ಸ್ಲಾ, ನ್. ಉರ್ದುವಿನಲ್ಲಿ 'ಅರ್ಸಲಾನ್' ಬರೆದರೆ ಆರು ಅಕ್ಷರ. ಹಾಗಾಗಿ ಇಂಗ್ಲಿಷಿನ ಸುಳಿವನ್ನು ಕನ್ನಡಕ್ಕೆ ಅನುವಾದಿಸಲು ಆಗುವುದಿಲ್ಲ ಎನ್ನುವುದು ನಿಜ. ಹೊಸದಾಗಿ ಕಟ್ಟಬೇಕು. ಎರಡು ಸಂಜೆ ಕೂತು ನಾನೂ ಒಂದನ್ನು ಕಟ್ಟಿದ್ದೇನೆ. ಚಂದಮಾಮ ಓದಿದವರಿಗೆ, ಅಥವಾ ಅಜ್ಜಿಯ ಪಕ್ಕ ಮಲಗಿ ಕಥೆ ಕೇಳಿದವರಿಗೆ ಅರ್ಥದ ಬಾಗಿಲು ತೆರೆದಿದೆ. ಉಳಿದವರಿಗೆ ಪೆನ್ಸಿಲ್ ಸಾಕು. ಇಗೋ:

'ಭಾರಕ್ಕೆ ಮರದ ಕೊಂಬೇ ತಾಳದೆ ಹೋಯಿತು, ಅದರೊಳಗೆ ನೇತಾಡುತ್ತಿದ್ದವನು ಯಾರು? 3 ಅಕ್ಷರ.'

ಉತ್ತರವನ್ನು ಶುಕ್ರವಾರದೊಳಗೆ ಡಬ್ಬಕ್ಕೆ ಹಾಕಿ. ಪೆನ್ನು ನನ್ನ ಕಡೆಯಿಂದ. ಸಿಕ್ಕ ಉತ್ತರ ನಿಮ್ಮ ಮನೆಯದರ ಹಾಗೆ ಕಂಡರೆ ದಯವಿಟ್ಟು ಹೊಡೆದು ಹಾಕಬೇಡಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ